ಡ್ರೈವರಿಗೂ ನಿದ್ದೆ ಬೇಕು

ರಜೆ ಬಂತೆಂದರೆ ನಮ್ಮ ಮನೆಗಳಿಂದ ಎರಡು ಮೂರು ಕಾರುಗಳು ಒಟ್ಟಿಗೆ ಘಟ್ಟ ಹತ್ತುತ್ತವೆ. ಬಂಟ್ವಾಳ, ಪುತ್ತೂರು, ಸುಳ್ಯ, ಮಡಿಕೇರಿ, ಮೈಸೂರು ದಾಟಿ ಮಂಡ್ಯ, ಮದ್ದೂರಿಗೆ ಹೋಗುವುದು ಒಂದೇ 275ನೇ ರಾಷ್ಟ್ರೀಯ ಹೆದ್ದಾರಿ. ಸಂಪಾಜೆ ಘಾಟಿಯ ತಿರುವುಗಳಲ್ಲಿ ಕಣ್ಣು ತಾನಾಗಿ ತೆರೆದಿರುತ್ತದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೈಸೂರು-ಬೆಂಗಳೂರು ಅಗಲ ರಸ್ತೆಯಲ್ಲಿ ಹಾಗಲ್ಲ, ಕೂತಲ್ಲೇ ಜೊಂಪು ಹತ್ತುತ್ತದೆ. ರಾತ್ರಿಯಿಡೀ ಓಡಿಸಿ, ಮಳವಳ್ಳಿ ಬಳಿಯ ಗಗನಚುಕ್ಕಿ ನೋಡಿ, ಅದೇ ರಾತ್ರಿ ವಾಪಸಾಗುವ ಲೆಕ್ಕ ಬೇಡ. ಬೈಪಾಸ್ ಬಿಟ್ಟು ಮದ್ದೂರು ಪೇಟೆಗೆ ಇಳಿಯಿರಿ. ಮಕ್ಕಳು ವಡೆ ತಿನ್ನಲಿ, ಡ್ರೈವ್ ಮಾಡಿದವರು ಸ್ವಲ್ಪ ಮಲಗಲಿ. ಮುಂದಿನ ಕಾರನ್ನು ಹಿಂದಿನವರು ಬೆನ್ನಟ್ಟಬೇಕಾಗಿಲ್ಲ. ಮಂಡ್ಯದಲ್ಲಿ ಒಂದು ರಾತ್ರಿ ತಂಗಿದರೆ ಹೋಗುವುದು ರೂಮಿನ ಬಾಡಿಗೆ ಮಾತ್ರ. ಊರಲ್ಲಿ ಉಮ್ಮ ಕಾಯುತ್ತಿರುತ್ತಾರೆ, ಎಲ್ಲರೂ ಕ್ಷೇಮವಾಗಿ ತಲುಪಬೇಕು.