ಗಡಿಗಲ್ಲಿನ ಈಚೆಗೆ

ಬೀಳಗಿ, ಮುಧೋಳ ತಾಲೂಕುಗಳಲ್ಲಿ ಹಬ್ಬಿರುವ ಯಡಹಳ್ಳಿಯ ಗುಡ್ಡಗಳನ್ನು ಕಂಡ ದಾರಿಹೋಕನು ಅದನ್ನು ಅರಣ್ಯವೆಂದು ಒಪ್ಪಲಾರನು. ಅಲ್ಲಿ ಮುಗಿಲು ಮುಟ್ಟುವ ಮರಗಳಿಲ್ಲ; ಇರುವುದು ಕಲ್ಲು, ಮುಳ್ಳು, ಕುರುಚಲು, ಒಣಹುಲ್ಲು. ಇಂಥ ನೆಲಕ್ಕೆ ನಾವು ಕೊಟ್ಟ ಹೆಸರು ಬಂಜರು. ಆದರೆ ಆ ಬಂಜರನ್ನೇ ನಚ್ಚಿಕೊಂಡು ಚಿಂಕಾರವೆಂಬ ನಾಚಿಕೆಯ ಜೀವವು ಬಾಳುತ್ತಿದೆ. ಎಲೆಯ ರಸ, ಇರುಳಿನ ಇಬ್ಬನಿ ಇಷ್ಟರಿಂದಲೇ ಬಹುದಿನ ನೀರಡಿಕೆಯನ್ನು ಕಳೆಯಬಲ್ಲ ಪ್ರಾಣಿಯದು. 2016ರಲ್ಲಿ ಸರಕಾರವು ಇಲ್ಲಿಯ ಸುಮಾರು 96 ಚದರ ಕಿಲೋಮೀಟರು ಪ್ರದೇಶವನ್ನು ಚಿಂಕಾರ ವನ್ಯಜೀವಿಧಾಮವೆಂದು ಸಾರಿದುದು ಉಚಿತವೇ ಆಯಿತು.

ಆದರೆ ಧಾಮಕ್ಕೊಂದು ಗಡಿಗಲ್ಲು ಉಂಟು. ಅದರ ಈಚೆಗೆ ಖಾಸಗಿ ಹೊಲಗಳು ಮೊದಲಾಗುತ್ತವೆ. ಚಿಂಕಾರವು ಉತಾರವನ್ನು ಓದಿ ಹೆಜ್ಜೆ ಇಡುವುದಿಲ್ಲ. ಆ ಹೊಲಗಳಲ್ಲಿ ನಾಳೆ ರೆಸಾರ್ಟುಗಳು ಎದ್ದರೆ ಗತಿಯೇನು? ಇದು ಬರಿಯ ಕಲ್ಪನೆಯ ಭಯವಲ್ಲ. ಕಬಿನಿಯ ಹಿನ್ನೀರಿನ ದಂಡೆ, ಬಂಡೀಪುರದ ಅಂಚು ಈ ಪ್ರಶ್ನೆಯನ್ನು ಆಗಲೇ ಎದುರಿಸಿವೆ. ಬಂಡೀಪುರದ ಸುತ್ತ 2012ರಲ್ಲಿ ಪರಿಸರ ಸೂಕ್ಷ್ಮ ವಲಯವನ್ನು ಸಾರಬೇಕಾಯಿತು. ನೀಲಗಿರಿಯ ಸೀಗೂರಿನಲ್ಲಿ ಆನೆಯ ದಾರಿಗೆ ಅಡ್ಡವಾಗಿ ನಿಂತ ರೆಸಾರ್ಟುಗಳ ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2020ರಲ್ಲಿ ತೀರ್ಪು ಆನೆಗಳ ಪರವಾಗಿ ಬಂದಿತು. ಕಟ್ಟಿದ ಮೇಲೆ ಕೆಡವುವುದು ಎಲ್ಲರಿಗೂ ನಷ್ಟ.

ಭೂಮಿಯ ಒಡೆಯನ ಮಾತನ್ನೂ ಕೇಳಬೇಕು. ಆಲಮಟ್ಟಿಯ ಹಿನ್ನೀರಿಗೆ ಊರು, ಹೊಲ, ಗುಡಿಗಳನ್ನು ಒಪ್ಪಿಸಿದ ಜನರಿವರು. ಲೋಕಹಿತದ ಹೆಸರಿನಲ್ಲಿ ಮತ್ತೊಮ್ಮೆ ಅವರ ನೆಲಕ್ಕೆ ಕಟ್ಟು ಬೀಳುವುದಾದರೆ ಅವರು ಸಂಶಯಪಡುವುದು ಸಹಜ. ಮಳೆಯನ್ನೇ ನಂಬಿದ ಎರಡೆಕರೆ ಮಡ್ಡಿಗೆ ಕೈತುಂಬ ಹಣ ಬರುವಾಗ ಬೇಡವೆನ್ನೆಂದು ಬೋಧಿಸುವುದು, ಸಂಬಳ ತಿನ್ನುವ ನಮ್ಮಂಥವರಿಗೆ ಸುಲಭ.

ಆದರೂ ಒಂದು ನ್ಯಾಯವನ್ನು ಮರೆಯಲಾಗದು. ಧಾಮದೊಳಗೆ ಕುರಿ ಮೇಯಿಸಲು ಕುರಿಗಾರನಿಗೆ ಕಾನೂನಿನ ಅಂಕೆಯುಂಟು. ತಲೆತಲಾಂತರದಿಂದ ಕುರುಚಲು ನಂಬಿದವನು ಚಿಂಕಾರಕ್ಕಾಗಿ ಹಿಂದೆ ಸರಿಯಬೇಕು. ಹಣವುಳ್ಳವನು ಅದೇ ಬೇಲಿಯ ಮಗ್ಗುಲಲ್ಲಿ ಇರುಳೆಲ್ಲ ದೀಪ ಉರಿಸಿ ವಾದ್ಯ ನುಡಿಸಬಹುದು ಎಂದರೆ ಅದು ಕಾಡನ್ನು ಕಾಯುವುದಲ್ಲ, ಬಡವನನ್ನು ಕಾಯದಿರುವುದು.

ಆದುದರಿಂದ ಮೊದಲ ಗೋಡೆ ಏಳುವ ಮುನ್ನವೇ ನಿಯಮವು ಸ್ಪಷ್ಟವಾಗಬೇಕು. ಪ್ರಾಣಿಗಳು ತಿರುಗಾಡುವ ದಾರಿಗಳನ್ನು ಗುರುತಿಸಿ, ಗ್ರಾಮಸಭೆಗಳಲ್ಲಿ ಕನ್ನಡದಲ್ಲಿ ಓದಿ ಹೇಳಿ, ಅಲ್ಲಿ ಬೇಲಿ, ಬೆಳಕು, ಗದ್ದಲಗಳನ್ನು ತಡೆಯಬೇಕು. ನೋಡಬರುವವರಿಗೆ ಊರೊಳಗಿನ ಮನೆಗಳಲ್ಲಿಯೇ ಇಳಿಯುವ ಏರ್ಪಾಡಾದರೆ ಲಾಭವು ಊರಿಗೇ ಉಳಿದೀತು. ಕಟ್ಟಿಗೆ ಒಳಪಟ್ಟ ಹೊಲದವನಿಗೆ ತಕ್ಕ ಪರಿಹಾರವೂ ಸಲ್ಲಬೇಕು.

ಜಮಖಂಡಿ, ರಬಕವಿ-ಬನಹಟ್ಟಿಗಳ ನಮ್ಮ ವಿದ್ಯಾರ್ಥಿಗಳು ಕಾವ್ಯದಲ್ಲಿ ಹುಲ್ಲೆಯ ಕಣ್ಣನ್ನು ಬಲ್ಲರು. ಹತ್ತಿರದ ಗುಡ್ಡದಲ್ಲಿ ಆ ಕಣ್ಣು ಇನ್ನೂ ತೆರೆದಿದೆ. ಅದು ಉಪಮೆಯಾಗಿ ಮಾತ್ರ ಉಳಿಯದಂತೆ ನೋಡಿಕೊಳ್ಳುವ ಹೊಣೆ ನಮ್ಮದು.