ನಮ್ಮ ಹೆಬ್ಬೆಟ್ಟು, ನಮ್ಮ ನಂಬರು, ನಿಮ್ಮ ಹೊಣೆ

ಘಟಪ್ರಭಾ ಸೀಮೆಯ ಅಕ್ಕಂದಿರೇ, ಅಣ್ಣಂದಿರೇ,

ಗೋಕಾಕ, ಮೂಡಲಗಿ, ಹುಕ್ಕೇರಿಯಲ್ಲಿ ಇಂದು ಆಧಾರ್ ಝರಾಕ್ಸ್ ಕೇಳದ ಟೇಬಲ್ಲು ಯಾವುದಿದೆ ಹೇಳಿ. ಸೊಸೈಟಿ ಸಾಲಕ್ಕೆ, ಗೃಹಲಕ್ಷ್ಮಿಗೆ, ಸಿಮ್ಮಿಗೆ, ಲಾಡ್ಜಿಗೆ, ಬಾಡಿಗೆ ಮನೆಗೆ ಅದೇ ಕಾಗದ. "ಒಂದು ಝರಾಕ್ಸ್ ಕೊಡ್ರಿ, ಮ್ಯಾಲ ಸಹಿ ಮಾಡ್ರಿ" ಅಂದರೆ ಕೊಟ್ಟುಬಿಡುತ್ತೇವೆ. ಯಾಕೆ ಬೇಕು, ಎಲ್ಲಿ ಇಡುತ್ತೀರಿ ಎಂದು ಕೇಳಿದರೆ ಕೆಲಸವೇ ಕೆಡುತ್ತದೆಂಬ ಭಯ. ವಂಚಕರು ಬದುಕುತ್ತಿರುವುದು ಈ ಭಯದ ಮೇಲೆಯೇ.

2024ರ ಕೊನೆಯಲ್ಲಿ ನಮ್ಮದೇ ಬೆಳಗಾವಿ ಜಿಲ್ಲೆಯ ಸಾವಿರಾರು ಹೆಣ್ಣುಮಕ್ಕಳು ಕಣ್ಣೀರಿಡುತ್ತ ಅಧಿಕಾರಿಗಳ ಬಾಗಿಲಿಗೆ ಬಂದರು. ಸಬ್ಸಿಡಿಯ ಆಸೆ ತೋರಿಸಿ, ಕಾಗದಪತ್ರ ಪಡೆದು, ತಮ್ಮ ಹೆಸರಿನಲ್ಲಿ ಫೈನಾನ್ಸ್ ಕಂಪನಿಗಳಿಂದ ಸಾಲ ಎತ್ತಿಸಿ, ಅದರ ಪಾಲನ್ನು ಮಧ್ಯವರ್ತಿಗಳು ನುಂಗಿದರೆಂಬುದು ಅವರ ದೂರು. ಕಂತು ವಸೂಲಿಗೆ ಬಂದವರು ನಿಂತದ್ದು ಇವರ ಹೊಸ್ತಿಲಲ್ಲಿ. ಒತ್ತಾಯದ ವಸೂಲಿ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಒಳ್ಳೆಯದು. ಆದರೆ ಸಾಲ ಹುಟ್ಟಿದ ಜಾಗ, ಆ ಝರಾಕ್ಸ್ ಕಟ್ಟು, ಅದರ ಬಗ್ಗೆ ಯಾರು ಮಾತಾಡಿದರು?

ಇನ್ನೊಂದು ಕೇಳಿ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಬ್ಯಾಂಕ್ ಖಾತೆಗಳಿಂದ ಹಣ ಹೋಯಿತು. ಒಟಿಪಿ ಬರಲಿಲ್ಲ, ಯಾರೂ ಪಿನ್ ಕೇಳಲಿಲ್ಲ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿದ್ದ ಕ್ರಯಪತ್ರಗಳಿಂದ ವಂಚಕರು ಆಧಾರ್ ನಂಬರು ಮತ್ತು ಬೆರಳಚ್ಚು ಎತ್ತಿ, ನಕಲಿ ಬೆರಳು ಮಾಡಿ, ಆಧಾರ್ ಆಧಾರಿತ ಪಾವತಿ ಯಂತ್ರಕ್ಕೆ ಒತ್ತಿದ್ದರು. ನಮ್ಮೂರ ಬ್ಯಾಂಕ್ ಮಿತ್ರನ ಕೈಯಲ್ಲಿರುವುದು ಇದೇ ಬಗೆಯ ಯಂತ್ರ. ಬ್ಯಾಂಕಿನ ಹೆಸರು, ಹನ್ನೆರಡು ಅಂಕಿ, ಒಂದು ಹೆಬ್ಬೆಟ್ಟು ಇದ್ದರೆ ಹಣ ಕೈಗೆ. ಪಿಂಚಣಿಗಾಗಿ ತಾಲೂಕಿಗೆ ಅಲೆಯುತ್ತಿದ್ದ ಮುದುಕಿಗೆ ಅದು ವರವೇ ಆಯಿತು, ನಾನು ಅಲ್ಲಗಳೆಯುವುದಿಲ್ಲ. ಆದರೆ ಪಾಸ್‌ವರ್ಡ್ ಕಳುವಾದರೆ ಬೇರೆ ಇಟ್ಟುಕೊಳ್ಳಬಹುದು. ಕಬ್ಬು ಕಡಿದು ಸವೆದ ಆ ಬೆರಳನ್ನು ಎಲ್ಲಿಂದ ಬದಲಿಸುವುದು?

ಸರ್ಕಾರಕ್ಕೆ ಇದು ತಿಳಿಯದ್ದಲ್ಲ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ, ಝರಾಕ್ಸ್ ದುರ್ಬಳಕೆಯಾಗಬಹುದು, ಕಂಡಕಂಡವರಿಗೆ ಕೊಡಬೇಡಿ ಎಂದು ಪ್ರಕಟಣೆ ಹೊರಡಿಸಿತ್ತು. ಜನ ತಪ್ಪಾಗಿ ತಿಳಿದಾರೆಂದು ಎರಡೇ ದಿನದಲ್ಲಿ ಅದನ್ನು ಹಿಂಪಡೆದರು. ಎಚ್ಚರಿಕೆ ಹೋಯಿತು, ಅಪಾಯ ಉಳಿಯಿತು. ಕಾನೂನಂತೂ ನಮ್ಮ ಪರವೇ ಇದೆ. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು ನಮ್ಮ ನಾಡಿನವರೇ ಆದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ದಾವೆಯಲ್ಲಿ. ಯಾರದೇ ಆಧಾರ್ ನಂಬರನ್ನು ಬಹಿರಂಗವಾಗಿ ಪ್ರಕಟಿಸಬಾರದೆಂದು ಆಧಾರ್ ಕಾಯ್ದೆಯೇ ಹೇಳುತ್ತದೆ. ಹಾಗಿದ್ದೂ ಫಲಾನುಭವಿಗಳ ಪಟ್ಟಿಯನ್ನು ನಂಬರು ಸಮೇತ ವಾಟ್ಸ್ಆ್ಯಪ್ ಗುಂಪಿಗೆ ಹಾಕಲು ಕೈ ಹೇಗೆ ಬರುತ್ತದೆ?

ಕೊಡುವವರು ಮಾಡಬೇಕಾದದ್ದು ಸ್ವಲ್ಪವೇ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಝರಾಕ್ಸ್ ಕೊಡಲೇಬೇಕಾದರೆ ಯಾರಿಗೆ, ಯಾವ ಕೆಲಸಕ್ಕೆ, ಯಾವ ತಾರೀಖು ಎಂದು ಅದರ ಮೇಲೆಯೇ ಬರೆಯಿರಿ. ಬೆರಳಚ್ಚಿಗೆ ಬಯೋಮೆಟ್ರಿಕ್ ಲಾಕ್ ಹಾಕಿಸಿ. ಓದಿದ ಮಕ್ಕಳೇ, ಇಂದೇ ಅವ್ವನ ಪಕ್ಕ ಕೂತು ಮಾಡಿಕೊಡಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಾಲವಿದೆಯೆಂಬ ವರದಿ ವರ್ಷಕ್ಕೊಮ್ಮೆ ಉಚಿತವಾಗಿ ಸಿಗುತ್ತದೆ, ತೆಗೆಸಿ ನೋಡಿ. ಹಣ ಹೋದರೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೂ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಆದರೆ ನನ್ನ ಕರೆ ಹೆಚ್ಚಾಗಿ ಪಡೆಯುವವರಿಗೆ. ಸಂಘದ ಮುಖಂಡರೇ, ಝರಾಕ್ಸ್ ಅಂಗಡಿಯವರೇ, ಸೊಸೈಟಿ ಕಾರ್ಯದರ್ಶಿಗಳೇ, ಪಂಚಾಯಿತಿ ಸಿಬ್ಬಂದಿಯೇ, ಫೈನಾನ್ಸ್ ಕಂಪನಿಯ ಅಧಿಕಾರಿಗಳೇ, ನಿಮ್ಮನ್ನು ನಂಬಿ ಕೊಟ್ಟವಳು ಓದು ಬಾರದ ತಾಯಿ. ಬೇಡದ ಕಾಗದ ಕೇಳಬೇಡಿ. ಕಂಪ್ಯೂಟರಿನಲ್ಲಿ ಉಳಿದ ಫೋಟೊವನ್ನು ಅವಳೆದುರೇ ಅಳಿಸಿ. ಕೆಲಸ ಮುಗಿದ ಝರಾಕ್ಸುಗಳನ್ನು ರದ್ದಿಗೆ ಮಾರಬೇಡಿ, ಚೂರುಚೂರು ಮಾಡಿ. ಸಾಲಕ್ಕೆ ಹೆಬ್ಬೆಟ್ಟು ಒತ್ತಿಸುವ ಮೊದಲು ಮೊತ್ತ, ಕಂತು, ಕಂಪನಿಯ ಹೆಸರನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಿ. ಬರುವ ಗ್ರಾಮಸಭೆಯಲ್ಲಿ ನಾವು ಎದ್ದುನಿಂತು ಕೇಳುತ್ತೇವೆ: ನಮ್ಮ ಕಾಗದಗಳು ಯಾವ ಕಪಾಟಿನಲ್ಲಿವೆ, ಅದರ ಕೀಲಿ ಯಾರ ಬಳಿ ಇದೆ? ಉತ್ತರ ಸಭೆಯ ನಡಾವಳಿಯಲ್ಲಿ ದಾಖಲಾಗುವ ತನಕ ಕೂರುವುದಿಲ್ಲ.