ನಿರೀಕ್ಷಿತ ಉತ್ತರ ಬಾರದಿದ್ದಾಗ

ನಮ್ಮ ಪ್ರಶಿಕ್ಷಣಾರ್ಥಿಗಳು ಅಭ್ಯಾಸ ಬೋಧನೆಗೆ ಹೋಗುವ ಯಾವ ಪ್ರಾಥಮಿಕ ಶಾಲೆಗೆ ಹೋದರೂ ಒಂದು ಚಿತ್ರ ತಪ್ಪದೆ ಕಾಣಸಿಗುತ್ತದೆ. ಎರಡು ತ್ರಿಕೋನದ ಬೆಟ್ಟ, ನಡುವೆ ಅರ್ಧ ಸೂರ್ಯ, ಬೆಟ್ಟದಿಂದ ಇಳಿದು ಬರುವ ಹೊಳೆ, ಒಂದು ಹೆಂಚಿನ ಮನೆ, ಪಕ್ಕದಲ್ಲಿ ತೆಂಗಿನ ಮರ, ಆಕಾಶದಲ್ಲಿ ನಾಲ್ಕಾರು ಹಕ್ಕಿ. ನಮ್ಮದು ಬಯಲುಸೀಮೆ. ಕಣ್ಣು ಹಾಯಿಸಿದಷ್ಟು ದೂರ ಜೋಳದ ಹೊಲ. ತ್ರಿಕೋನದ ಬೆಟ್ಟ ಒಂದೂ ಇಲ್ಲ. ಹಳೆಯ ಮನೆಗಳಿಗೆ ಮಣ್ಣಿನ ಮಾಳಿಗೆ, ಹೊಸವಕ್ಕೆ ಆರ್‌ಸಿಸಿ. ಆದರೂ "ನಿಮ್ಮೂರಿನ ಚಿತ್ರ ಬರೆಯಿರಿ" ಎಂದರೆ ಮಕ್ಕಳು ಬೆಟ್ಟವನ್ನೇ ಬರೆಯುತ್ತಾರೆ. ಈ ಬೆಟ್ಟ ಅವರಿಗೆ ಎಲ್ಲಿಂದ ಬಂತು? ನಾವು ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದ್ದು. ನಮಗೂ ನಮ್ಮ ಶಿಕ್ಷಕರು ಹಾಗೆಯೇ ಬರೆದು ತೋರಿಸಿದ್ದರು.

ಕಳೆದ ಬೇಸಿಗೆಗೆ ಮುಂಚೆ ಎರಡನೇ ತರಗತಿಯಲ್ಲಿ 'ನೀರಿನ ಮೂಲಗಳು' ಪಾಠವನ್ನು ವೀಕ್ಷಿಸುತ್ತ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಪ್ರಶಿಕ್ಷಣಾರ್ಥಿ ಚೆನ್ನಾಗಿಯೇ ತಯಾರಾಗಿ ಬಂದಿದ್ದರು. ಕೊನೆಯಲ್ಲಿ ಮಕ್ಕಳಿಗೆ ಹಾಳೆ, ಬಣ್ಣದ ಕಡ್ಡಿ ಕೊಟ್ಟು ಕೆರೆಯ ಚಿತ್ರ ಬರೆಯಲು ಹೇಳಿದರು. ಒಬ್ಬ ಹುಡುಗ ಇಡೀ ಕೆರೆಗೆ ಕಂದು ಬಣ್ಣ ತಿಕ್ಕಿ, ಮೇಲೆ ಕಪ್ಪು ಗೆರೆಗಳನ್ನು ಎಳೆದಿದ್ದ. "ಕೆರೆಗೆ ನೀಲಿ ಬಣ್ಣ ಹಚ್ಚಬೇಕಲ್ಲಪ್ಪಾ" ಎಂದರು ಶಿಕ್ಷಕಿ. "ಅಕ್ಕೋರ, ನಮ್ಮೂರ ಕೆರಿ ಹಿಂಗ ಐತ್ರಿ" ಎಂದ. ತರಗತಿ ನಕ್ಕಿತು. ಅವನಿಗೆ ಇನ್ನೊಂದು ಹಾಳೆ ಸಿಕ್ಕಿತು. ಅದರಲ್ಲಿ ಅವನು ನೀಲಿ ಕೆರೆ ಬರೆದ, ಹಿಂದೆ ಎರಡು ಬೆಟ್ಟಗಳನ್ನೂ ಇಟ್ಟ. ವೀಕ್ಷಣಾ ಪುಸ್ತಕದಲ್ಲಿ ನಾನು ಹೀಗೆ ಬರೆದೆ: "ಮಗುವಿನ ತಪ್ಪನ್ನು ಸೌಮ್ಯವಾಗಿ ತಿದ್ದಿದ್ದೀರಿ. ಉತ್ತಮ."

ವಾಪಸು ಬರುವಾಗ ಬಸ್ಸು ಆ ಊರಿನ ಕೆರೆ ಏರಿಯ ಮೇಲೆಯೇ ಬಂತು. ಕೆರೆಯಲ್ಲಿ ಹನಿ ನೀರಿರಲಿಲ್ಲ. ಕಂದು ಮಣ್ಣು ಬಿರುಕು ಬಿಟ್ಟಿತ್ತು. ಹುಡುಗ ಎಳೆದ ಕಪ್ಪು ಗೆರೆಗಳು ಅವೇ. ಆ ತರಗತಿಯಲ್ಲಿ ತನ್ನ ಕಣ್ಣಿನಿಂದ ನೋಡಿ ಬರೆದವನು ಅವನೊಬ್ಬನೇ. ಪಾಠದ ವಿಷಯಕ್ಕೆ ಅತಿ ಹತ್ತಿರವಿದ್ದ ಪ್ರಶ್ನೆಯೂ (ಕೆರೆ ಏಕೆ ಬತ್ತಿತು, ಹಾಗಿದ್ದರೆ ಊರಿಗೆ ನೀರು ಎಲ್ಲಿಂದ ಬರುತ್ತಿದೆ) ಅವನ ಹಾಳೆಯಲ್ಲೇ ಇತ್ತು. ಅದನ್ನು ಮಡಚಿ ಪಕ್ಕಕ್ಕಿಟ್ಟಿದ್ದಕ್ಕೆ ನಾನು 'ಉತ್ತಮ' ಎಂದು ಸಹಿ ಮಾಡಿದ್ದೆ.

ಇದರಲ್ಲಿ ಪ್ರಶಿಕ್ಷಣಾರ್ಥಿಯ ತಪ್ಪು ಎಂದು ನಾನು ಹೇಳಲಾರೆ. ನಾವು ಕಲಿಸುವ ಪಾಠಯೋಜನೆಯ ನಮೂನೆಯನ್ನೇ ನೋಡಿ. ಎಡಗಡೆ ಶಿಕ್ಷಕರ ಚಟುವಟಿಕೆ, ಬಲಗಡೆ ಮಕ್ಕಳ ಚಟುವಟಿಕೆ. ಬಲಗಡೆಯ ಕಲಂನಲ್ಲಿ ಮಕ್ಕಳು ಕೊಡಬೇಕಾದ ಉತ್ತರವನ್ನು ಹಿಂದಿನ ರಾತ್ರಿಯೇ ಹಾಸ್ಟೆಲ್ಲಿನಲ್ಲಿ ಕುಳಿತು ಬರೆದಾಗಿರುತ್ತದೆ. ಮರುದಿನ ತರಗತಿಯಲ್ಲಿ ಆ ಉತ್ತರ ಬರುವತನಕ ಪ್ರಶ್ನೆ ಒಂದು ಮಗುವಿನಿಂದ ಇನ್ನೊಂದಕ್ಕೆ ಹೋಗುತ್ತದೆ. "ನೀನು ಹೇಳು... ನೀನು... ಹಿಂದೆ ಕೂತವಳು..." ಐದನೆಯ ಮಗು ಹೇಳಿದಾಗ "ವೆರಿ ಗುಡ್, ಎಲ್ಲರೂ ಚಪ್ಪಾಳೆ!" ಪುನರ್ಬಲನ ಕೌಶಲಕ್ಕೆ ಅಂಕ ಬಿತ್ತು. ಮೊದಲ ನಾಲ್ಕು ಮಕ್ಕಳು ಏನು ಹೇಳಿದರು ಎಂಬುದು ಯಾರಿಗೂ ನೆನಪಿಲ್ಲ, ಆ ಮಕ್ಕಳಿಗೆ ಬಿಟ್ಟು. ಶಿಕ್ಷಕರ ಮನಸ್ಸಿನಲ್ಲಿ ಇರುವುದನ್ನು ಊಹಿಸುವುದೇ ಶಾಲೆ ಎಂದು ಅವರು ಕಲಿತರು. ಆರು ಏಳು ವರ್ಷದ ಮಕ್ಕಳು ಈ ಆಟವನ್ನು ಬಹಳ ಬೇಗ ಕಲಿಯುತ್ತಾರೆ. ಸೃಜನಶೀಲತೆ ಬತ್ತುವುದು ಬಣ್ಣದ ಕಡ್ಡಿ ಇಲ್ಲದ್ದರಿಂದಲ್ಲ, ಈ ಊಹೆಯಾಟದಿಂದ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿ ಶಿಕ್ಷಕರು ಎಷ್ಟು ಹೊತ್ತು ಕಾಯುತ್ತಾರೆ ಎಂಬುದನ್ನು ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ಅಳೆದು ನೋಡಿದರು. ಸಾಮಾನ್ಯವಾಗಿ ಒಂದು ಸೆಕೆಂಡು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರೂ ಮಾತನಾಡತೊಡಗಿದರು. ಮೂರು ಸೆಕೆಂಡು ಕಾಯಲು ಅನುದಾನ ಬೇಕಿಲ್ಲ, ಥರ್ಮಾಕೋಲೂ ಬೇಕಿಲ್ಲ. ಆದರೆ ಪ್ರಶಿಕ್ಷಣಾರ್ಥಿಗೆ ಅದು ಬಹಳ ಉದ್ದದ ಮೌನ, ಯಾಕೆಂದರೆ ಹಿಂದಿನ ಸಾಲಿನಲ್ಲಿ ನಾನು ಪೆನ್ನು ಹಿಡಿದು ಕುಳಿತಿರುತ್ತೇನೆ.

ಸೃಜನಶೀಲತೆ ಎಂದ ಕೂಡಲೆ ಸಹೋದ್ಯೋಗಿಗಳು ಪ್ರತಿಭಾ ಕಾರಂಜಿಯ ಮಾತು ತೆಗೆಯುತ್ತಾರೆ. ಕಾರಂಜಿ ಇರಲಿ, ಬೇಡ ಎನ್ನುವುದಿಲ್ಲ. ಆದರೆ ಬಾಯಿಪಾಠ ಮಾಡಿಸಿದ ಭಾಷಣವನ್ನು ನಾಲ್ಕು ಮಕ್ಕಳು ಹೇಳಿ, ಉಳಿದವರು ಕುಳಿತು ನೋಡುವುದಕ್ಕೂ ನಾನು ಹೇಳುತ್ತಿರುವುದಕ್ಕೂ ಸಂಬಂಧ ಕಡಿಮೆ. ಇನ್ನೊಂದು ಆಕ್ಷೇಪಣೆ ಹೆಚ್ಚು ಗಟ್ಟಿಯಾದದ್ದು: "ಮೊದಲು ಅಕ್ಷರ ಬರಲಿ ಸರ್, ಆಮೇಲೆ ಸೃಜನಶೀಲತೆ." ಮೂರನೇ ತರಗತಿಗೆ ಬಂದರೂ ಓದಲು ಬಾರದ ಮಕ್ಕಳನ್ನು ಕಂಡವರ ಮಾತು ಇದು. ತಳ್ಳಿಹಾಕುವಂತಿಲ್ಲ. ಆದರೆ 'ಆಮೇಲೆ' ಎಂಬುದನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಕಾರಣ ಇನ್ನೊಬ್ಬ ಪ್ರಶಿಕ್ಷಣಾರ್ಥಿಯ ಪಾಠ.

ನಲಿ-ಕಲಿಯಲ್ಲಿ ಮಕ್ಕಳು ಮೊದಲು ಕಲಿಯುವ ಐದು ಅಕ್ಷರ ರ, ಗ, ಸ, ದ, ಅ. ಇವರು ಐದನ್ನೂ ರಟ್ಟಿನ ಚೂರುಗಳ ಮೇಲೆ ಬರೆದು ಒಂದನೇ ತರಗತಿಯ ಗುಂಪಿಗೆ ಕೊಟ್ಟು, ಜೋಡಿಸಿ ಪದ ಮಾಡಲು ಹೇಳಿದರು. ಸರ, ಅರಸ, ಅಗಸ, ದರ ಎಲ್ಲ ಬಂದವು. ಒಬ್ಬ ಹುಡುಗಿ 'ಗಸರ' ಎಂದು ಜೋಡಿಸಿದಳು. ಅಂಥ ಪದವಿಲ್ಲ. ಪ್ರಶಿಕ್ಷಣಾರ್ಥಿ ಒಂದು ಕ್ಷಣ ನನ್ನ ಕಡೆ ನೋಡಿ, ಆಮೇಲೆ ಮಕ್ಕಳನ್ನೇ ಕೇಳಿದರು: "ಗಸರ ಅಂದ್ರ ಏನಿರಬಹುದು?" ಒಬ್ಬಳು "ಕಸಬರಿಗಿ ಸಪ್ಪಳ ರೀ" ಎಂದಳು. ಇನ್ನೊಬ್ಬ "ಗಂಟಲ್ದಾಗ ರೊಟ್ಟಿ ಸಿಕ್ಕೊಂಡ್ರ ಆಗೂದು" ಎಂದು ಕೆಮ್ಮಿ ತೋರಿಸಿದ. ಅಲ್ಲಿಂದ ಮುಂದೆ ಎಲ್ಲರೂ ಇಲ್ಲದ ಪದಗಳನ್ನು ಕಟ್ಟಿ, ಓದಿ, ಅರ್ಥ ಹೇಳಿ, ಸ್ಲೇಟಿನ ಮೇಲೆ ಬರೆಯತೊಡಗಿದರು. ಸುಮ್ಮನೆ ತಿದ್ದಿಸಿದ್ದರೆ ಅಷ್ಟು ಸಲ ಆ ಐದು ಅಕ್ಷರಗಳನ್ನು ಅವರು ಬರೆಯುತ್ತಿರಲಿಲ್ಲ. ಇನ್ನೂ ಒಂದು ಮಾತು. ಚಿತ್ರ ನೋಡಿ ಪದ ಊಹಿಸುವ ಮಗು ಇಲ್ಲದ ಪದವನ್ನು ಓದಲಾರದು. 'ಗಸರ'ವನ್ನು ಓದಿದವರಿಗೆ ಅಕ್ಷರ ನಿಜವಾಗಿ ಬಂದಿದೆ.

ಗದ್ದಲವಾಯಿತು. ಅವಧಿ ಮೀರಿತು, ಮೌಲ್ಯಮಾಪನದ ಹಂತ ಉಳಿದುಹೋಯಿತು. ನಮ್ಮ ವೀಕ್ಷಣಾ ನಮೂನೆಯಲ್ಲಿ ಸಮಯ ಪಾಲನೆಗೆ ಅಂಕವಿದೆ, ತರಗತಿ ನಿರ್ವಹಣೆಗೆ ಅಂಕವಿದೆ. 'ಗಸರ'ಕ್ಕೆ ಜಾಗವಿಲ್ಲ. ನಾನು ಅಂಕ ಕಡಿತ ಮಾಡಿದೆ. ನೀಲಿ ಕೆರೆಯ ಪಾಠಕ್ಕಿಂತ ಈ ಪಾಠಕ್ಕೆ ಕಡಿಮೆ ಅಂಕ ಬಂತು. ಹೊರಗೆ ಬಂದು ಅವರು ಕೇಳಿದರು, "ಸರ್, ಮುಂದಿನ ಪಾಠದಾಗ ಇಂಥದ್ದು ಬಿಟ್ಟುಬಿಡ್ಲೇನ್ರಿ?" "ಟೈಮ್ ನೋಡ್ಕೊಂಡು ಮಾಡ್ರಿ" ಎಂದೆ. ಅದು ಉತ್ತರವಲ್ಲ, ಜಾರಿಕೊಳ್ಳುವುದು.

ಮಕ್ಕಳನ್ನು ಅವರ ಪಾಡಿಗೆ ಬಿಟ್ಟುಬಿಡಬೇಕು ಎಂದು ಮಾತ್ರ ಇದನ್ನು ಓದಬಾರದು. "ನಿಮಗೆ ಇಷ್ಟ ಬಂದದ್ದು ಬರೆಯಿರಿ" ಎಂದು ಹಾಳೆ ಹಂಚಿದರೆ ಮತ್ತೆ ಅದೇ ಎರಡು ಬೆಟ್ಟ ಬರುತ್ತದೆ. "ನಿಮ್ಮ ಮನೆ ಬಾಗಿಲಲ್ಲಿ ನಿಂತರೆ ಎದುರಿಗೆ ಮೊದಲು ಏನು ಕಾಣುತ್ತದೆ?" ಎಂದು ಕೇಳಿದರೆ ಎಮ್ಮೆ ಬರುತ್ತದೆ, ಟ್ರ್ಯಾಕ್ಟರ್ ಟ್ರೇಲರ್ ಬರುತ್ತದೆ, ನಲ್ಲಿಯ ಮುಂದಿನ ಕೊಡಗಳ ಸಾಲು ಬರುತ್ತದೆ. ಐದು ಅಕ್ಷರವೆಂಬ ಕಟ್ಟು ಇದ್ದದ್ದರಿಂದಲೇ 'ಗಸರ' ಹುಟ್ಟಿತು. ತಪ್ಪನ್ನು ತಿದ್ದಬಾರದು ಎಂದೂ ಅಲ್ಲ. ಏಳು ಮತ್ತು ಐದು ಹದಿಮೂರು ಎಂದರೆ ತಿದ್ದಲೇಬೇಕು, ಆದರೆ ಅದಕ್ಕೆ ಮುಂಚೆ "ಹೇಗೆ ಬಂತು?" ಎಂದು ಒಮ್ಮೆ ಕೇಳಬೇಕು. ಯಾವುದು ತಪ್ಪು, ಯಾವುದು ಬೇರೆ ಕಣ್ಣು ಎಂದು ಗುರುತಿಸುವುದು ಕೌಶಲ. ಸೂಕ್ಷ್ಮ ಬೋಧನೆಯ ಪಟ್ಟಿಯಲ್ಲಿ ನಾವು ಅದನ್ನು ಇಟ್ಟಿಲ್ಲ.

ನಲಿ-ಕಲಿ ಶುರುವಾದದ್ದು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಅಲ್ಲಿನ ಸರ್ಕಾರಿ ಶಾಲೆಗಳ ಶಿಕ್ಷಕರು ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ತಾವೇ ಕುಳಿತು ಕಾರ್ಡುಗಳನ್ನು ರೂಪಿಸಿದರು. ಇಂದು ಕಾರ್ಡು ಅಚ್ಚಾಗಿ ಬರುತ್ತದೆ, ನಮ್ಮ ಪ್ರಶಿಕ್ಷಣಾರ್ಥಿ ಕಲಿಕಾ ಏಣಿಯಲ್ಲಿ ಮೆಟ್ಟಿಲು ಎಣಿಸುತ್ತಾನೆ. ಶಿಕ್ಷಕರೇ ಕಟ್ಟಿದ ಪದ್ಧತಿ ಅದು ಎಂಬುದನ್ನು ನಾವು ತರಗತಿಯಲ್ಲಿ ಹೇಳುವುದೇ ಇಲ್ಲ.

ಮುಂದಿನ ತಿಂಗಳು ಅಭ್ಯಾಸ ಬೋಧನೆಯ ಎರಡನೇ ಸುತ್ತು ಆರಂಭವಾಗುತ್ತದೆ. ಇಡೀ ನಮೂನೆ ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದನ್ನು ಕೇಳುತ್ತಿದ್ದೇನೆ. ಪ್ರತಿ ಪಾಠಯೋಜನೆಯಲ್ಲಿ ಒಂದು ಪ್ರಶ್ನೆಯ ಎದುರಿಗೆ ಬಲಗಡೆಯ ಕಲಂ ಖಾಲಿ ಇರಲಿ. ಪಾಠ ಮುಗಿದ ಮೇಲೆ ಮಕ್ಕಳು ನಿಜವಾಗಿ ಹೇಳಿದ್ದನ್ನು ಅವರ ಮಾತಿನಲ್ಲೇ ಅಲ್ಲಿ ಬರೆಯಲಿ. ವೀಕ್ಷಕರಾದ ನಾವು ಷರಾ ಬರೆಯುವ ಮೊದಲು ಆ ಖಾಲಿ ಕಲಂ ಓದೋಣ, ಅಂಕ ಅದಕ್ಕೂ ಇರಲಿ. ಶನಿವಾರದ ಪಾಠ ವಿಮರ್ಶೆಯಲ್ಲಿ ಮೊದಲ ಹತ್ತು ನಿಮಿಷ ಅಂಥ ಉತ್ತರಗಳನ್ನೇ ಓದಬಹುದು. ಸಮಯ ಮೀರಿದ್ದಕ್ಕೆ ಅಂಕ ಕಡಿತ ಮಾಡುವುದಾದರೆ, ಆ ಸಮಯ ಯಾವುದಕ್ಕೆ ಹೋಯಿತು ಎಂದು ಪಕ್ಕದಲ್ಲಿ ಒಂದು ಸಾಲು ಬರೆದು ಆಮೇಲೆ ಕಡಿತ ಮಾಡೋಣ. ನಾನಂತೂ ಈ ಸಲ ಹಾಗೆ ಮಾಡುತ್ತೇನೆ. 'ಗಸರ' ಪಾಠದ ಪ್ರಶಿಕ್ಷಣಾರ್ಥಿ ಇನ್ನೂ ನಮ್ಮಲ್ಲೇ ಓದುತ್ತಿದ್ದಾರೆ, ಅವರ ಪ್ರಶ್ನೆಗೂ ಉತ್ತರ ಹೇಳಬೇಕಾಗಿದೆ.